ಓಯಾಸ್ಸಾನ್ ತುಂಬಿಟ್ಟ ನೀರು

ಹಿಗಾಶಿ ಒಸಾಕಾದ ಆ ಗಲ್ಲಿಯಲ್ಲಿ ಬೆಳಗಾಯಿತೆಂದರೆ ತಗಡು ಒತ್ತುವ ಪ್ರೆಸ್ಸುಗಳು ಕುಟ್ಟಲು ಶುರು. ಒಂದು ಮನೆಯಲ್ಲಿ ಸ್ಕ್ರೂ ಮಾಡುತ್ತಾರೆ, ಎದುರು ಮನೆಯಲ್ಲಿ ಸ್ಪ್ರಿಂಗು, ಗಲ್ಲಿಯ ತುದಿಯಲ್ಲಿ ಲೋಹದ ಲೇಪ ಕೊಡುವ ಇನುಯಿಯವರ ಪ್ಲೇಟಿಂಗ್ ಕಾರ್ಖಾನೆ. ಅಷ್ಟು ಸದ್ದಿನ ನಡುವೆ ಸಾಯೊಕೊ ಕಿವಿಗೊಟ್ಟು ಕೂರುತ್ತಿದ್ದುದು ಒಂದು ಗಾಜಿನ ಪಾತ್ರೆಗೆ. ತಾಮ್ರದ ನೀಲಿ ದ್ರಾವಣದೊಳಕ್ಕೆ ಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಟೊಪ್ಪಿಗಳನ್ನು ಇಳಿಬಿಟ್ಟರೆ ಅವು ಒಂದು ಉಸಿರಿನ ಹೊತ್ತು ಸುಮ್ಮನಿರುತ್ತವೆ. ಆಮೇಲೆ, ಎಲ್ಲ ಸರಿಯಿದ್ದರೆ, ಮೈತುಂಬ ಗುಳ್ಳೆ ಹೊತ್ತುಕೊಂಡು ಸಣ್ಣಗೆ ಸುಯ್ ಎನ್ನುತ್ತವೆ. ದೂರದಲ್ಲೆಲ್ಲೋ ಒಲೆಯ ಮೇಲೆ ಅಕ್ಕಿ ಕುದಿ ಹಿಡಿದ ಹಾಗೆ. ಆ ಸದ್ದು ಬೇರೆ ಯಾರಿಗೂ ಕೇಳಿಸದು. ಸಾಯೊಕೊಗೆ ಕೇಳಿಸುತ್ತಿತ್ತು.

ಕಿವಿ ಮಂದವಾದವರು ಕಿವಿಯೊಳಗೆ ಇಟ್ಟುಕೊಳ್ಳುತ್ತಾರಲ್ಲ, ಆ ಯಂತ್ರದ ಟೊಪ್ಪಿಗಳು ಅವು. ಪ್ಲಾಸ್ಟಿಕ್ಕಿಗೆ ತಾಮ್ರ ತಾನಾಗಿ ಹಿಡಿಯುವುದಿಲ್ಲ. ಹಾಲಿಗೆ ಹೆಪ್ಪು ಬೇಕಾದಂತೆ ಅದಕ್ಕೂ ಒಂದು ಹೆಪ್ಪು ಬೇಕು. ಪಲ್ಲಾಡಿಯಂ ಎಂಬ ಲೋಹವನ್ನು ಭೂತಗನ್ನಡಿಗೂ ಸಿಗದಷ್ಟು ಸಣ್ಣ ಕಣಗಳನ್ನಾಗಿ ನೀರಿನಲ್ಲಿ ಹುಟ್ಟಿಸಬೇಕು. ಟೊಪ್ಪಿಗಳನ್ನು ಆ ನೀರಿನಲ್ಲಿ ಅದ್ದಿದರೆ ಕಣಗಳು ಅವುಗಳ ಮೈಮೇಲೆ ಕೂರುತ್ತವೆ. ಕಣ ಕೂತಲ್ಲಿಗೆ ತಾಮ್ರ ಬಂದು ಸೇರುತ್ತದೆ. ಅಂಗಡಿಯಲ್ಲಿ ಸಿಗುವ ಹೆಪ್ಪು ಬರೀ ಆಮ್ಲ, ಆ ನಾಜೂಕಿನ ಟೊಪ್ಪಿಗಳ ಅಂಚನ್ನು ತಿಂದುಹಾಕುತ್ತಿತ್ತು. ಹಾಗಾಗಿ ಇನುಯಿ ತೊಕುಜಿಯವರು ತಮ್ಮದೇ ಮೆದು ಹೆಪ್ಪು ಮಾಡುತ್ತಿದ್ದರು. ಅದು ಕಡು ಚಹಾದಂತೆ ಕಪ್ಪಗಿತ್ತು. ಕಾರ್ಖಾನೆಯವರು ಅದನ್ನು ಕಪ್ಪುನೀರು ಎನ್ನುತ್ತಿದ್ದರು. ಇನುಯಿಯವರನ್ನು, ಮನೆಯ ಹಿರಿಯನನ್ನು ಕರೆದ ಹಾಗೆ, ಓಯಾಸ್ಸಾನ್ ಎನ್ನುತ್ತಿದ್ದರು.

ಓಯಾಸ್ಸಾನ್ ಮಾರ್ಚ್ ಮೊದಲ ವಾರ ತೀರಿಕೊಂಡರು. ಎಂಬತ್ತೊಂದು ವರ್ಷ. ಹಿಂದಿನ ಸಂಜೆಯಷ್ಟೇ ಪ್ರಯೋಗದ ಕೋಣೆಯ ಜಾಡಿಗೆ ಶುದ್ಧ ನೀರು ತುಂಬಿ, ಮುಚ್ಚಳ ಹಾಕಿ, ಟೊಪ್ಪಿ ತಲೆಗಿಟ್ಟು, "ಬರ್ತೀನಮ್ಮ" ಎಂದು ಸಾಯೊಕೊಗೆ ಹೇಳಿ ಹೋದವರು.

ಹದಿನೈದು ದಿನ ಕಳೆದ ಮೇಲೆ ಮಗ ಹಿರೊಮು ಪ್ರಯೋಗದ ಕೋಣೆಯ ಬಾಗಿಲಲ್ಲಿ ನಿಂತ. ಐವತ್ತು ದಾಟಿದವನು. ಆದರೂ ಅಪ್ಪನ ಕೋಣೆಯ ಹೊಸ್ತಿಲು ದಾಟಲು ಈಗಲೂ ಹಿಂಜರಿಯುತ್ತಿದ್ದ.

"ಸಾಯೊಕೊಸಾನ್, ಕಪ್ಪುನೀರು ಎಷ್ಟು ಸೀಸೆ ಉಳಿದಿದೆ?"

"ಓಯಾಸ್ಸಾನ್ ಮಾಡಿಟ್ಟಿದ್ದು ಮೂರು, ಸಣ್ಣ ಯಜಮಾನ್ರೇ."

"ನೀವು ಮಾಡಿದ್ದು?"

ಸಾಯೊಕೊ ಕಪಾಟಿನ ಕಡೆ ನೋಡಲಿಲ್ಲ. "ಐದು ದಿನ ಚೆನ್ನಾಗಿತ್ತು. ಆಮೇಲೆ ಹಾಲಿನ ಹಾಗೆ ಒಡೀತು."

ಹಿರೊಮು ಕುತ್ತಿಗೆ ತುರಿಸಿಕೊಂಡ. ಅವನು ಕೆಟ್ಟವನಲ್ಲ. ಕೆಟ್ಟದ್ದನ್ನು ಹೇಳಬೇಕಾಗಿ ಬಂದಾಗ ಅವನ ಕುತ್ತಿಗೆ ಕೆಂಪಾಗುತ್ತಿತ್ತು. "ನೋಡಿ, ಮೂರು ಸೀಸೆ ಅಪ್ಪನ ನಲವತ್ತೊಂಬತ್ತನೇ ದಿನದ ಪೂಜೆ ತನಕ ಬರುತ್ತೆ. ಅಷ್ಟರೊಳಗೆ ಹತ್ತು ದಿನ ಒಡೀದೆ ನಿಲ್ಲೋ ನೀರು ಬಂದರೆ ಸರಿ. ಇಲ್ಲಾಂದ್ರೆ ಟೊಪ್ಪಿ ಕೆಲಸ ವಾಪಸ್ ಕೊಟ್ಟುಬಿಡ್ತೀನಿ. ಈ ಕೋಣೆ ಡಬ್ಬ ಇಡೋಕೆ ಆಗುತ್ತೆ. ನಿಮಗೆ ಪ್ಯಾಕಿಂಗಲ್ಲಿ ಜಾಗ ಇದ್ದೇ ಇದೆ, ಅದರ ಚಿಂತೆ ಬೇಡ."

"ಆಗಲಿ" ಎಂದಳು ಸಾಯೊಕೊ. ಪ್ಯಾಕಿಂಗಿನ ಮೇಜಿನ ಪಕ್ಕ ದೊಡ್ಡ ಕಿಟಕಿಯಿದೆ, ಬಿಸಿಲು ಬರುತ್ತದೆ, ಹೆಂಗಸರು ನಗುತ್ತ ಕೆಲಸ ಮಾಡುತ್ತಾರೆ. ಅಲ್ಲಿ ಯಾವ ಕಷ್ಟವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅವನು ಹೋದ ಮೇಲೆ ಮೇಜಿನ ಅಂಚನ್ನು ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದಳು.

ಇಪ್ಪತ್ತಾರು ವರ್ಷಗಳ ಹಿಂದೆ ಗಾಜಿನ ಪಾತ್ರೆ ತೊಳೆಯಲೆಂದು ಆ ಕೋಣೆಗೆ ಬಂದವಳು ಅವಳು. ಗಂಡ ಬಿಟ್ಟುಹೋಗಿದ್ದ. ಊರು ತೊಕುಶಿಮಾ ಕಡೆಯ ನದೀತೀರ, ನೀಲಿ ಬಣ್ಣ ಕೊಡುವ ಗಿಡ ಬೆಳೆಯುವ ಸೀಮೆ. ಅಜ್ಜಿಯ ಮನೆಯಲ್ಲಿ ನೆಲದೊಳಗೆ ಹೂತ ನಾಲ್ಕು ಬಾನಿಗಳಿದ್ದವು. ಬಾನಿಯೊಳಗೆ ಬಟ್ಟೆಗೆ ಹಾಕುವ ನೀಲಿ ಬಣ್ಣದ ಹುದುಗು. ಅದು ಮಲಗುತ್ತಿತ್ತು, ಏಳುತ್ತಿತ್ತು, ಮುನಿಸಿಕೊಳ್ಳುತ್ತಿತ್ತು. ಅಜ್ಜಿ ಬೆಳಗ್ಗೆದ್ದು ಮೊದಲು ಬಾನಿಯ ಮುಂದೆ ಮಂಡಿಯೂರಿ ಕಿವಿಯಿಟ್ಟು ಕೇಳುತ್ತಿದ್ದಳು. ಆಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ಉಪ್ಪು ಚಿಮುಕಿಸಿ ಕೈಮುಗಿಯುತ್ತಿದ್ದಳು. ಬಾನಿಯನ್ನು ಬರಿದು ಮಾಡುತ್ತಿರಲಿಲ್ಲ. ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಿದ್ದಳು. ಹಳೆಯದೇ ಹೊಸದಕ್ಕೆ ಕೆಲಸ ಕಲಿಸುತ್ತದೆ ಎಂಬುದು ಅವಳ ನಂಬಿಕೆ. ಪುಟ್ಟ ಸಾಯೊಕೊ ಪಕ್ಕದಲ್ಲಿ ಕೂತು, ನೀಲಿ ನೊರೆಯೊಳಗೆ ಆಕಾಶ ಮಗುಚಿಕೊಂಡು ಬಿದ್ದಿದೆ ಎಂದುಕೊಳ್ಳುತ್ತಿದ್ದಳು.

ಕಾರ್ಖಾನೆಗೆ ಬಂದ ಎರಡನೇ ವಾರ ಪಾತ್ರೆ ತೊಳೆಯುತ್ತಿದ್ದವಳು ತಟ್ಟನೆ ತಿರುಗಿ, "ಅದು ನಿಂತುಹೋಯ್ತು" ಎಂದಿದ್ದಳು.

ಓಯಾಸ್ಸಾನ್ ಕನ್ನಡಕ ಏರಿಸಿ, "ಯಾವುದು?" ಎಂದರು.

"ಆ ಮೂಲೆ ಪಾತ್ರೆ. ಹಾಡ್ತಾ ಇತ್ತು, ನಿಂತುಬಿಡ್ತು."

ಹೋಗಿ ನೋಡಿದರೆ ಕಾಯಿಸುವ ಒಲೆ ಆರಿತ್ತು. ಓಯಾಸ್ಸಾನ್ ಅವಳ ಮುಖವನ್ನೇ ನೋಡುತ್ತ ನಿಂತು, "ಪಾತ್ರೆ ಆಮೇಲೆ ತೊಳೆಯೋಣ, ಇಲ್ಲಿ ಬಾ ಕೂತ್ಕೋ" ಎಂದರು. ಅವಳ ಶಾಲೆ ಅಷ್ಟೇ.

ಕಪ್ಪುನೀರು ಮಾಡುವುದು ಹೀಗೆ. ಜಾಡಿಯ ಶುದ್ಧ ನೀರನ್ನು ಅಗಲ ಬಾಯಿಯ ಗಾಜಿನ ಪಾತ್ರೆಗೆ ಹಾಕಿ ಬಿಸಿ ಮಾಡಬೇಕು. ಪಲ್ಲಾಡಿಯಮ್ಮಿನ ಕಂದು ಪುಡಿ ಕರಗಿಸಿದ ದ್ರಾವಣವನ್ನು ಬೆರೆಸಿದರೆ ನೀರು ಒಣಗಿದ ಬಿದಿರೆಲೆಯ ಬಣ್ಣಕ್ಕೆ ತಿರುಗುತ್ತದೆ. ನಿಂಬೆಯ ಹುಳಿಯಿಂದ ಮಾಡಿದ ಬಿಳಿ ಲವಣ ಸೇರಿಸಬೇಕು. ಅದು ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅವುಗಳ ನಡುವೆ ಕೂರುತ್ತದೆ. ಆಮೇಲೆ ಕಣ ಹುಟ್ಟಿಸುವ ದ್ರಾವಣ, ಹನಿ ಹನಿಯಾಗಿ. ಅವಸರ ಮಾಡಿದರೆ ಕಣಗಳು ದಪ್ಪಗಾಗಿ ತಳ ಸೇರುತ್ತವೆ. ಓಯಾಸ್ಸಾನ್ ಗಡಿಯಾರ ನೋಡುತ್ತಿರಲಿಲ್ಲ. ಒಂದು ಹನಿ ಬಿಟ್ಟು "ನಮು ಅಮಿದಾ ಬುತ್ಸು" ಎಂದು ಅಮಿದಾ ಬುದ್ಧನ ನಾಮವನ್ನು ನಿಧಾನವಾಗಿ ಒಮ್ಮೆ ಹೇಳುತ್ತಿದ್ದರು, ಇನ್ನೊಂದು ಹನಿ ಬಿಡುತ್ತಿದ್ದರು. ಇಪ್ಪತ್ತನೆಯ ಹನಿಗೆ ಜೇನಿನ ಬಣ್ಣ, ನಲವತ್ತನೆಯದಕ್ಕೆ ಸೋಯಾ ಸಾಸಿನ ಬಣ್ಣ, ನೂರೆಂಟಕ್ಕೆ ಕಪ್ಪು. ಹಣೆಗೆ ಟವೆಲ್ ಬಿಗಿದುಕೊಂಡಿರುತ್ತಿದ್ದರು. "ಬೆವರು ಬಿದ್ರೆ ಮುಗೀತು" ಎನ್ನುತ್ತಿದ್ದರು. "ಇವು ಕೂಸುಗಳು ಕಣಮ್ಮ. ಉಪ್ಪುಬೆವರು ಸೋಕಿದ್ರೆ ಹೆದರಿ ಒಂದನ್ನೊಂದು ತಬ್ಬಿಕೊಂಡು ಮುಳುಗಿಬಿಡ್ತವೆ."

ಕೊನೆಗೆ ಒಂದು ಹನಿ ಕಪ್ಪುನೀರನ್ನು ಲೋಟ ನೀರಿಗೆ ಬೆರೆಸಿ, ದೀಪ ಆರಿಸಿ, ಸಣ್ಣ ಟಾರ್ಚಿನ ಬೆಳಕು ಹಾಯಿಸುತ್ತಿದ್ದರು. ನೀರು ಬದುಕಿದ್ದರೆ ಬೆಳಕು ಅದರೊಳಗೆ ದಾರಿ ಮಾಡಿಕೊಂಡು ಹೋಗುವುದು ಕಾಣುತ್ತದೆ, ಊದುಬತ್ತಿಯ ಹೊಗೆಯಲ್ಲಿ ಬಿಸಿಲುಕೋಲು ಕಂಡಂತೆ. ಸತ್ತಿದ್ದರೆ ದಾರಿ ಇಲ್ಲ. ಖಾಲಿ ನೀರು, ತಳದಲ್ಲಿ ಕಪ್ಪು ಹೊಟ್ಟು.

ಅವರು ಹೋದ ಮೇಲೆ ಸಾಯೊಕೊ ಇದನ್ನೆಲ್ಲ ಹಾಗೆಯೇ ಮಾಡಿದಳು. ಬೆಳಗ್ಗೆ ಬಂದವಳು ಮೊದಲು ಜಾಡಿಯ ಮುಚ್ಚಳ ತೆಗೆದಿಡುತ್ತಿದ್ದಳು. ಓಯಾಸ್ಸಾನ್ ಹಾಗೇ ಮಾಡುತ್ತಿದ್ದರು, ನೀರು ಸ್ವಲ್ಪ ಎಚ್ಚರಾಗಲಿ ಎನ್ನುತ್ತಿದ್ದರು. ಆಮೇಲೆ ಅವರ ಖಾಲಿ ಕುರ್ಚಿಗೆ ತಲೆಬಾಗಿ, ತೀರಿಕೊಂಡವರ ಕೋಣೆಯಲ್ಲವೇ, ಮೈಲಿಗೆ ಕಳೆಯಲಿ ಎಂದು, ಅಜ್ಜಿಯಂತೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಚಿಟಿಕೆ ಉಪ್ಪು ಚಿಮುಕಿಸುತ್ತಿದ್ದಳು. ಅದು ಗುಡಿಯಿಂದ ತಂದ ಉಪ್ಪು. ಹಾಗೆ ಮಾಡಿದ ಮೇಲೆ ಕೋಣೆ ಸ್ವಲ್ಪ ಹಗುರಾದಂತೆ, ಗಾಳಿ ತಿಳಿಯಾದಂತೆ ಅನ್ನಿಸುತ್ತಿತ್ತು. ಜಾಡಿಯ ನೀರನ್ನು ಮಾತ್ರ ಅವಳು ಚೆಲ್ಲಲಾರದೆ ಹೋದಳು. ಓಯಾಸ್ಸಾನ್ ಶನಿವಾರ ಶನಿವಾರ ಜಾಡಿ ಬರಿದು ಮಾಡಿ ತೊಳೆಯುತ್ತಿದ್ದರು. ಆದರೆ ಈ ಜಾಡಿಯ ನೀರು ಅವರ ಕೈಯಿಂದ ತುಂಬಿದ್ದು. ಅವರ ಕಡೆಯ ಸಂಜೆಯ ನೀರು. ಬೇಕಾದಷ್ಟು ತೋಡಿಕೊಂಡು, ತೋಡಿದಷ್ಟು ಹೊಸ ನೀರು ಸುರಿದು ಇಡುತ್ತಿದ್ದಳು. ಹಳೆಯದು ಹೊಸದಕ್ಕೆ ಕಲಿಸಲಿ ಎಂದು.

ಮೊದಲನೆಯ ಕಪ್ಪುನೀರು ಐದನೇ ದಿನ ಒಡೆಯಿತು. ಎರಡನೆಯದು ಎರಡೇ ದಿನ ನಿಂತಿತು. ಸಾಯೊಕೊ ಯೋಚಿಸಿದಳು. ತಾನು ಹನಿಗಳ ನಡುವೆ ಹೇಳುತ್ತಿದ್ದುದು ತನ್ನ ಊರಿನ ಮಂತ್ರ, ಗುರು ದಾಯ್ಶಿಯವರದು, "ನಮು ದಾಯ್ಶಿ ಹೆಂಜೊ ಕೊಂಗೊ". ಅದು ಉದ್ದ. ಹನಿ ತಡವಾಗುತ್ತಿದೆಯೋ ಏನೋ. ಮನಸ್ಸಿನಲ್ಲೇ ದಾಯ್ಶಿಯವರ ಕ್ಷಮೆ ಕೇಳಿ ಮೂರನೆಯ ಸಲ ಓಯಾಸ್ಸಾನರ ಅಮಿದಾ ನಾಮ ಹಿಡಿದಳು. ಅದೂ ಸಂಜೆಯ ಹೊತ್ತಿಗೆ ಒಡೆಯಿತು. ನಾಲ್ಕನೆಯದು ಆರುವ ಮೊದಲೇ.

ಪ್ಲೇಟಿಂಗ್ ಸಾಲಿನ ಮೇಸ್ತ್ರಿ ಕಾದೊತಾ ಅತ್ತ ಹಾಯುವಾಗ ಇಣುಕಿದ. ಅವನಿಗೂ ಅರವತ್ತರ ಹತ್ತಿರ, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಏನು ಕಷಾಯದಮ್ಮಾ, ಇವತ್ತೂ ಹೊಟ್ಟೇನಾ?"

"ನಿನ್ನ ಕೆಲಸ ನೋಡ್ಕೊ ಹೋಗು."

"ನೋಡ್ಕೊಂಡೇ ಬಂದೆ. ಎರಡು ಸೀಸೆ ಉಳಿದಿದೆ ಅಷ್ಟೆ. ಒಂದು ಕೆಲಸ ಮಾಡು, ಆ ಹೊಟ್ಟನ್ನ ಸೋಸಿ ಒಕೊನೊಮಿಯಾಕಿ ದೋಸೆ ಮೇಲೆ ಉದುರಿಸಿ ಮಾರು. ಪಲ್ಲಾಡಿಯಂ ರುಚಿ, ಇಡೀ ಒಸಾಕಾ ಸಾಲು ನಿಲ್ಲುತ್ತೆ."

"ಮೊದಲ್ನೇದು ನಿನಗೇ ತಿನ್ನಿಸ್ತೀನಿ."

"ತಿಂತೀನಿ, ಹಲ್ಲು ಹೊಳೀಲಿ" ಎಂದು ನಕ್ಕ ಕಾದೊತಾ, ಅವಳ ಮುಖ ನೋಡಿ ನಗು ನಿಲ್ಲಿಸಿದ. "ಲೇ, ಊಟ ಮಾಡಿದ್ಯಾ?"

ಅವಳು ಮಾಡಿರಲಿಲ್ಲ. ಅವನು ಹೋಗಿ, ತನ್ನ ಬುತ್ತಿಯಿಂದ ಒಂದು ಅನ್ನದುಂಡೆ ತಂದು ಹೊಸ್ತಿಲ ಮೇಲಿಟ್ಟು ಹೋದ.

ಆ ದಿನಗಳಲ್ಲಿ ಸಾಯೊಕೊಗೆ ಒಂದೇ ಕನಸು ಬೀಳುತ್ತಿತ್ತು. ಅಜ್ಜಿಯ ಬಾನಿಯೊಳಗೆ ಕಪ್ಪು ಕೂಸುಗಳು, ಸಾವಿರ ಸಾವಿರ, ಕೈಕೈ ಹಿಡಿಯದೆ ತೇಲುತ್ತಿವೆ. ಬಾಗಿಲ ಆಚೆ ಯಾರೋ ಕೆಮ್ಮುತ್ತಾರೆ. ಓಯಾಸ್ಸಾನರ ಕೆಮ್ಮು. ಒಳಗೆ ಬನ್ನಿ ಎನ್ನಲು ಬಾಯಿ ತೆರೆದರೆ ದನಿ ಬಾರದು. ಕೆಮ್ಮು ದೂರವಾಗುತ್ತದೆ. ಕೂಸುಗಳು ಒಂದನ್ನೊಂದು ತಬ್ಬಿಕೊಂಡು ಮುಳುಗುತ್ತವೆ.

ಮೂವತ್ತೈದನೆಯ ದಿನದ ಪೂಜೆಗೆ ಕಾರ್ಖಾನೆಯ ಹಿಂದಿನ ಮನೆಗೆ ಎಲ್ಲರೂ ಹೋದರು. ಗಲ್ಲಿಯಲ್ಲಿ ಸಕುರಾ ಹೂವಿನ ಎಸಳುಗಳು ಚರಂಡಿ ನೀರಿನ ಮೇಲೆ ಹಾಸಿಕೊಂಡು ನಿಧಾನ ಸಾಗುತ್ತಿದ್ದವು. ದೇವಾಲಯದ ಗುರುಗಳು ಬೌದ್ಧ ಸೂತ್ರ ಓದಿದರು. ಓಯಾಸ್ಸಾನರ ಹೆಂಡತಿ ಕಿನು, ಎಪ್ಪತ್ತೆಂಟರ ಸಣ್ಣ ದೇಹದ ಹೆಂಗಸು, ಎಲ್ಲರಿಗೂ ಚಹಾ, ಸಿಹಿ ಕಡುಬು ಕೊಟ್ಟಳು. ಎಲ್ಲರೂ ಹೊರಟ ಮೇಲೆ ಸಾಯೊಕೊ ಬಟ್ಟಲು ತೊಳೆದಿಟ್ಟು, ಹೊಸ್ತಿಲು ದಾಟಿ, ಸೊಂಟದ ಚೀಲದಿಂದ ಪುಟ್ಟ ಪೊಟ್ಟಣ ತೆಗೆದು ತನ್ನ ಹೆಗಲ ಮೇಲೆ ಉಪ್ಪು ಉದುರಿಸಿಕೊಂಡಳು. ಸಾವಿನ ಮನೆಯಿಂದ ಹೊರಟವರು ಅವಳ ಊರಿನಲ್ಲಿ ಹಾಗೆ ಮಾಡುತ್ತಾರೆ.

"ಅದೇನೇ ಅದು?" ಬಾಗಿಲಲ್ಲಿ ಕಿನು.

ಸಾಯೊಕೊಗೆ ನಾಚಿಕೆಯಾಯಿತು. "ಉಪ್ಪು, ಅಮ್ಮಾವ್ರೇ. ನಮ್ಮ ಕಡೆ ರೂಢಿ."

"ಗೊತ್ತು ಬಿಡು, ಬೇಜಾರಿಲ್ಲ. ನಮ್ಮ ಅಮಿದಾ ಪಂಥದಲ್ಲಿ ಉಪ್ಪು ಹಾಕಲ್ಲ, ಅದಕ್ಕೇ ಕೇಳಿದೆ." ಕಿನು ಹೊಸ್ತಿಲ ಮೇಲೆ ಕೂತಳು. ಮೊಣಕಾಲು ನೀವಿಕೊಳ್ಳುತ್ತ ಹೇಳಿದಳು. "ನಮ್ಮತ್ತೆ ಹೇಳೋರು, ಸತ್ತೋರು ಮೈಲಿಗೆ ಅಲ್ಲ ಕಣೇ ಅಂತ. ನಿನ್ನೆ ತನಕ ತಟ್ಟೇಲಿ ಊಟ ಹಾಕಿದೋರನ್ನ ಇವತ್ತು ಉಪ್ಪು ಹಾಕಿ ಓಡಿಸೋದಾ? ಇವರಿಗಂತೂ ಉಪ್ಪು ಅಂದ್ರೇ ಆಗ್ತಿರ್ಲಿಲ್ಲ. ಕೆಲಸದ ಕೋಣೆ ಹತ್ರ ಉಪ್ಪಿನಕಾಯಿ ಬಟ್ಟಲೂ ತರೋಹಾಗಿರ್ಲಿಲ್ಲ. ಒಂದ್ಸಲ ಮದುವೆಯಾದ ಹೊಸದ್ರಲ್ಲಿ ತಗೊಂಡ್ಹೋಗಿ ಬೈಸಿಕೊಂಡೆ ನೋಡು, ಮೂರು ದಿನ ಮಾತಾಡ್ಲಿಲ್ಲ ನಾನು."

ಸಾಯೊಕೊ ಕೈಯಲ್ಲಿದ್ದ ಉಪ್ಪಿನ ಪೊಟ್ಟಣವನ್ನು ಮಡಚಿದಳು.

"ಅಮ್ಮಾವ್ರೇ, ನಾನು ದಿನಾ ಹಾಕ್ತಿದ್ದೆ."

"ಎಲ್ಲಿ?"

"ಕೋಣೇಲಿ. ಅವರು ಹೋದ ದಿನದಿಂದ. ಬೆಳಿಗ್ಗೆ ಬಂದ ತಕ್ಷಣ."

ಕಿನು ಅವಳನ್ನು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದು ಬಹುಶಃ ಅದೇ ಮೊದಲು. "ಅಯ್ಯೋ ಪೆದ್ದಿ! ಪಾಪ, ಆ ಮುದುಕ ದಿನಾ ಬೆಳಿಗ್ಗೆ ಕೆಲಸಕ್ಕೆ ಅಂತ ಬಂದು, ಬಾಗಿಲಲ್ಲೇ ನಿಂತು ಕೆಮ್ಮಿ ವಾಪಸ್ ಹೋಗ್ತಿತ್ತೇನೋ!"

ಸಾಯೊಕೊಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ತನ್ನ ಕೈ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಗುವುದನ್ನು ಅವಳು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಎಡಕ್ಕೆ ಕುರ್ಚಿ. ಬಲಕ್ಕೆ ಒಲೆ. ಮತ್ತೆ ಎಡಕ್ಕೆ, ಮುಚ್ಚಳ ತೆಗೆದಿಟ್ಟ ಜಾಡಿ.

ಉಪ್ಪು ಸೋಕಿದರೆ ಕೂಸುಗಳು ಮುಳುಗುತ್ತವೆಂದು ಅವಳಿಗೆ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ಆದರೆ ಅದು ಬೆವರಿನ ಉಪ್ಪು, ಅಡುಗೆಮನೆಯ ಉಪ್ಪು. ಗುಡಿಯ ಉಪ್ಪನ್ನು ಅವಳು ಉಪ್ಪೆಂದು ಎಣಿಸಿಯೇ ಇರಲಿಲ್ಲ.

ಮರುದಿನ ಬೆಳಗ್ಗೆ ಕಾದೊತಾನನ್ನು ಕರೆದಳು. ನೀರಿನ ಶುದ್ಧಿ ಅಳೆಯುವ, ಪೆನ್ನಿನಂಥ ಮೀಟರು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. "ಈ ಜಾಡಿ ನೋಡು."

"ಇದು ನಲ್ಲಿಯಿಂದ ನಾನೇ ಕೊಡೋ ಶುದ್ಧ ನೀರಲ್ವಾ. ಒಂದರ ಒಳಗೇ ತೋರ್ಸುತ್ತೆ" ಎನ್ನುತ್ತ ಅದ್ದಿದ. ಅಂಕಿ ಓಡಿತು. ಓಡುತ್ತಲೇ ಹೋಯಿತು. ನಾಲ್ಕು ಸಾವಿರ ದಾಟಿ ನಿಂತಿತು. ಕಾದೊತಾ ಮೀಟರನ್ನು ಕೊಡವಿ, ಒರೆಸಿ, ಮತ್ತೆ ಅದ್ದಿದ. ಅದೇ ಅಂಕಿ.

"ಸಾಯೊಕೊಸಾನ್, ಇದು ನೀರಲ್ಲ ಕಣಮ್ಮ. ಇದು ಮಿಸೊ ಸಾರು. ಒಂದು ತುಂಡು ತೋಫು ಹಾಕಿದ್ರೆ ಊಟಕ್ಕೆ ಕೂರಬಹುದು."

ಅವಳು ಜಾಡಿಯನ್ನು ನೋಡುತ್ತಿದ್ದಳು. ನೀರು ಎಂದಿನಂತೆ ತಿಳಿಯಾಗಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಚಾವಣಿಯಲ್ಲಿ ನಡುಗುತ್ತಿತ್ತು.

"ಚೆಲ್ಲಿಬಿಡು ಮತ್ತೆ, ಯೋಚ್ನೆ ಏನು?" ಎಂದ ಕಾದೊತಾ. ಅವಳತ್ತ ತಿರುಗಿದ. ಏನೋ ಅರ್ಥವಾದಂತೆ ಮೀಟರನ್ನು ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಇಡೀ ಬೆಳಗ್ಗೆ ಅವಳು ಆ ಜಾಡಿಯ ಮುಂದೆ ಕೂತಿದ್ದಳು. ಅದರೊಳಗೆ ಓಯಾಸ್ಸಾನ್ ತುಂಬಿದ ನೀರು ಇನ್ನೆಷ್ಟಿದೆ? ತೋಡಿ ತೋಡಿ, ಸುರಿದು ಸುರಿದು, ಅರ್ಧ? ಕಾಲು? ಒಂದು ಬಟ್ಟಲು? ಒಂದು ಬಟ್ಟಲೇ ಇರಲಿ. ಆ ಒಂದು ಬಟ್ಟಲನ್ನೂ ಚೆಲ್ಲದೆ ಹತ್ತು ದಿನ ನಿಲ್ಲುವ ಕಪ್ಪುನೀರು ಬಾರದು. ಚೆಲ್ಲಿದರೆ ಅವರು ತುಂಬಿದ್ದು ಈ ಲೋಕದಲ್ಲಿ ಇನ್ನೆಲ್ಲೂ ಉಳಿಯದು. ಕೈಮುಗಿದು ಕಣ್ಣು ಮುಚ್ಚಿದಳು. ಏನನ್ನು ಬೇಡಬೇಕೆಂದು ತಿಳಿಯದೆ, ಬೇಡದೆಯೇ ಕೂತಳು. ಪ್ರೆಸ್ಸುಗಳು ಕುಟ್ಟುತ್ತಿದ್ದವು. ಯಾವುದೋ ಒಂದು ಹೊತ್ತಿನಲ್ಲಿ ಆ ಕುಟ್ಟುವಿಕೆ ದೂರವಾಗಿ, ಕೋಣೆ ಬಾನಿಯ ತಳದಷ್ಟು ನಿಶ್ಶಬ್ದವಾಯಿತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಇದ್ದರು ಎಂದು ಅವಳು ಎಂದೂ ಹೇಳಲಿಲ್ಲ. ಆ ದಿನ ಉಪ್ಪು ಬೀಳದ ಕೋಣೆಯ ಬಾಗಿಲಲ್ಲಿ ತಡೆ ಇಲ್ಲ ಎಂಬುದಷ್ಟೇ ಅವಳಿಗೆ ತಿಳಿಯಿತು.

ಎದ್ದು ಹಿಂದಿನ ಮನೆಗೆ ಹೋಗಿ ಕಿನುವನ್ನು ಕರೆತಂದಳು. ಜಾಡಿ ಹತ್ತು ಲೀಟರಿನದು. ಇಬ್ಬರೂ ಎರಡು ಕಡೆ ಹಿಡಿದು ಸಿಂಕಿನ ಅಂಚಿಗೆ ಏರಿಸಿದರು.

"ಅವರು ತುಂಬಿದ್ದು ಇದು" ಎಂದಳು ಸಾಯೊಕೊ.

"ಅವರು ಅರವತ್ತು ವರ್ಷ ನೀರು ತುಂಬಿದ್ರು, ನೀರು ಚೆಲ್ಲಿದ್ರು" ಎಂದಳು ಕಿನು. "ಶನಿವಾರ ಮಧ್ಯಾಹ್ನ ಮನೆಗೆ ಬಂದ್ರೆ ತೋಳು ಮೊಣಕೈ ತನಕ ಒದ್ದೆ. ಚೆಲ್ಲೋವಾಗ ಒಂದು ದಿನವೂ ಯೋಚ್ನೆ ಮಾಡಿದೋರಲ್ಲ. ಬಾಗ್ಸು."

ಬಾಗಿಸಿದರು. ನೀರು ಬಹಳ ಹೊತ್ತು ಹರಿಯಿತು. ಸಾಯೊಕೊ ಕೊನೆಯ ಎಳೆ ತೆಳುವಾಗಿ, ಹನಿಯಾಗಿ, ನಿಲ್ಲುವವರೆಗೂ ನೋಡಿದಳು. ಕಿನು ಒದ್ದೆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ, "ಜಾಡಿ ನಾನೇ ತೊಳೀತೀನಿ, ಬ್ರಷ್ ಕೊಡು" ಎಂದಳು.

ಆ ಮಧ್ಯಾಹ್ನ ಮಾಡಿದ ಕಪ್ಪುನೀರು ಕಪ್ಪಾಯಿತು, ತಣ್ಣಗಾಯಿತು, ಸಂಜೆ ಟಾರ್ಚಿಗೆ ದಾರಿ ಕೊಟ್ಟಿತು. ಅವಳು ಹಿಗ್ಗಲಿಲ್ಲ. ಸೀಸೆಯ ಮೇಲೆ ತಾರೀಖು ಬರೆದು ಕಪಾಟಿನಲ್ಲಿಟ್ಟಳು. ಮೂರನೇ ದಿನ ದಾರಿ ಇತ್ತು. ಐದನೇ ದಿನ ಕಾದೊತಾ ಕೋಣೆಯೊಳಗೆ ಬಂದು ತಾನೇ ದೀಪ ಆರಿಸಿದ.

"ಎಲ್ಲಿ, ಹೊಡಿ ಟಾರ್ಚು... ಓ! ಇದೆ ಕಣೇ!"

"ಉಸಿರು ಬಿಡಬೇಡ ಅದರ ಮೇಲೆ."

"ಬೆಳ್ಳುಳ್ಳಿ ತಿಂದಿದೀನಿ, ಅದಕ್ಕೂ ಒಡೆಯುತ್ತಾ?"

"ನಾನು ಒಡೀತೀನಿ, ನಿನ್ನ ತಲೆ."

ಏಳನೇ ದಿನ, ಎಂಟನೇ ದಿನ. ಸಾಯೊಕೊ ಮನೆಗೆ ಹೋಗುವ ರೈಲಿನಲ್ಲಿ ಇಕೊಮಾ ಬೆಟ್ಟದ ಮೇಲೆ ಸಂಜೆ ಇಳಿಯುವುದನ್ನು ನೋಡುತ್ತ, ಕತ್ತಲ ನೀರಿನಲ್ಲಿ ಕೈಕೈ ತಾಗಿಸದೆ ತೇಲುತ್ತಿರುವ ಆ ಲೆಕ್ಕವಿಲ್ಲದ ಕೂಸುಗಳಿಗಾಗಿ ಪ್ರಾರ್ಥಿಸುತ್ತಿದ್ದಳು. ಒಮ್ಮೆ ದಾಯ್ಶಿಯವರಿಗೆ, ಒಮ್ಮೆ ಅಮಿದಾನಿಗೆ. ಯಾರು ಕೇಳಿಸಿಕೊಂಡರೂ ಆದೀತು. ಕನಸು ಮತ್ತೆ ಬೀಳಲಿಲ್ಲ. ನಿದ್ದೆ ಮಾತ್ರ ಮಲಗಿದೆಡೆಯೇ ತೂಗುಯ್ಯಾಲೆಯಾದಂತೆ ಬರುತ್ತಿತ್ತು.

ಹತ್ತನೇ ದಿನ ಟೊಪ್ಪಿಗಳನ್ನು ಆ ಕಪ್ಪುನೀರಿನಲ್ಲಿ ಅದ್ದಿ, ತೊಳೆದು, ತಾಮ್ರದ ನೀಲಿಗೆ ಇಳಿಬಿಟ್ಟಳು. ಹಿರೊಮು ಹೊಸ್ತಿಲ ಆಚೆ ನಿಂತಿದ್ದ. ಒಂದು ಉಸಿರು. ಎರಡು ಉಸಿರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹಿರೊಮುವಿಗೆ ಅವಳ ಮುಖ ಸಡಿಲಾದದ್ದು ಮೊದಲು ಕಂಡಿತು. ಗುಳ್ಳೆಗಳು ಕಂಡದ್ದು ಆಮೇಲೆ. ಕಾಲು ಗಂಟೆಯ ನಂತರ ಅವಳು ಒಂದು ಟೊಪ್ಪಿಯನ್ನು ಇಕ್ಕಳದಿಂದ ಎತ್ತಿ ಅವನ ಅಂಗೈಯಲ್ಲಿಟ್ಟಳು. ಬೆಳಗಿನ ಮೋಡದಂತೆ ನಸುಗೆಂಪು, ಅಂಚಿನವರೆಗೂ ಒಂದೇ ಸಮ. ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಅಪ್ಪ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ ನನಗೆ."

"ಸ್ವಲ್ಪ ಇದೆ. ನನ್ನ ಹನಿ ಇನ್ನೂ ಸ್ವಲ್ಪ ಅವಸರ" ಎಂದಳು ಸಾಯೊಕೊ.

ನಲವತ್ತೊಂಬತ್ತನೇ ದಿನ ಅಸ್ಥಿಯನ್ನು ದೇವಾಲಯದ ಸಮಾಧಿಗೆ ಸೇರಿಸಿ ಬಂದ ಮೇಲೆ ಹಿರೊಮು ಕಪ್ಪು ಸೂಟಿನಲ್ಲೇ ಕೋಣೆಗೆ ಬಂದ. ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟ. ಟೊಪ್ಪಿ ಕೆಲಸ ಮುಂದಿನ ವರ್ಷಕ್ಕೂ ಒಪ್ಪಿಕೊಂಡಿರುವೆನೆಂದ. ಡಬ್ಬ ಇಡಲು ಬೇರೆ ಜಾಗ ನೋಡಿದ್ದೇನೆಂದ. ಕುತ್ತಿಗೆ ಕೆಂಪಾಗಿತ್ತು. ಒಳ್ಳೆಯದನ್ನು ಹೇಳುವಾಗಲೂ ಅದು ಕೆಂಪಾಗುತ್ತದೆಂದು ಸಾಯೊಕೊಗೆ ಅಂದೇ ತಿಳಿದದ್ದು.

"ನಿಮಗೆ ಏನಾದ್ರೂ ಬೇಕಾದ್ರೆ ಹೇಳಿ. ಹೊಸ ಒಲೆ, ಹೊಸ ಗಾಜು..."

ಸಾಯೊಕೊ ಯೋಚಿಸಿದಳು. "ಜಾಡಿ, ಸಣ್ಣ ಯಜಮಾನ್ರೇ."

"ಹೊಸ ಜಾಡೀನಾ?"

"ಅಲ್ಲ, ಇದೇ ಸಾಕು. ಶನಿವಾರ ಅದನ್ನ ಎತ್ತಿ ಬಾಗಿಸೋಕೆ ನನ್ನೊಬ್ಬಳಿಂದ ಆಗಲ್ಲ. ಸೊಂಟ ಹಿಡಿಯುತ್ತೆ. ಅಮ್ಮಾವ್ರಿಗೂ ವಯಸ್ಸಾಯ್ತು. ಸಾಲಿನಿಂದ ಯಾರನ್ನಾದ್ರೂ ಕಳಿಸಿದ್ರೆ..."

ಹಿರೊಮು ಜಾಡಿಯನ್ನು ನೋಡಿದ. ಅಪ್ಪ ಬದುಕಿದ್ದಾಗ ಅವನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟಬೇಡ ಎಂದು ಹತ್ತನೇ ವಯಸ್ಸಿನಲ್ಲಿ ಒಮ್ಮೆ ಬೈಸಿಕೊಂಡದ್ದು ಅವನೊಳಗೆ ಇನ್ನೂ ಕೂತಿತ್ತು.

"ಸಾಲಿನವರು ಯಾಕೆ" ಎಂದ. "ನಾನೇ ಬರ್ತೀನಿ."

"ಬಟ್ಟೆ ಒದ್ದೆ ಆಗುತ್ತೆ."

"ಆಗ್ಲಿ ಬಿಡಿ."

ಅವತ್ತು ಶನಿವಾರವೇ ಆಗಿತ್ತು. ಅವನು ಕಪ್ಪು ಕೋಟು ಕಳಚಿ ಮೊಳೆಗೆ ನೇತುಹಾಕಿದ, ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ. ಜಾಡಿಯ ಒಂದು ಕಡೆ ಅವನು, ಇನ್ನೊಂದು ಕಡೆ ಸಾಯೊಕೊ.

"ಇನ್ನೂ ಅರ್ಧ ಇದೆಯಲ್ಲ, ಒಳ್ಳೇ ನೀರು. ಚೆಲ್ಲಲೇಬೇಕಾ?"

"ಚೆಲ್ಲಬೇಕು" ಎಂದಳು ಸಾಯೊಕೊ. "ನಿಧಾನಕ್ಕೆ ಬಾಗ್ಸಿ. ನಿಮ್ಮ ಕಡೆಗಲ್ಲ, ಸಿಂಕಿನ ಕಡೆಗೆ."